ಬೋರಲಿಟ್ಟ ಡಬ್ಬಿ

ಕಮಲಾಪುರ ಪೊಲೀಸ್ ಠಾಣೆಗೆ ಕಳವಿನ ದೂರು ಹೊಸದೇನಲ್ಲ. ಬೈಕು ಹೋಗುತ್ತದೆ, ಪಂಪ್‌ಸೆಟ್ಟಿನ ತಂತಿ ಹೋಗುತ್ತದೆ, ಕೆಂಪು ಬಾಳೆ ಬಲಿತ ಕಾಲಕ್ಕೆ ಗೊನೆಗೊನೆಯೇ ಮಾಯವಾಗುತ್ತದೆ. ಆದರೆ ನವೆಂಬರ್ ತಿಂಗಳ ಆ ಸೋಮವಾರ ಮಧ್ಯಾಹ್ನ ಮೂರೂವರೆಗೆ ಬಂದ ದೂರು ಕೇಳಿ, ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ಮಜರ್ ಪೆನ್ನು ಕೆಳಗಿಟ್ಟ.

"ಏನು ಕಳವಾಗ್ಯಾದ ಅಂದಿ?"

"ರಕ್ತ ರೀ."

"ರಕ್ತ ಹರದಿದ್ರ ಹೊಡದಾಟ ಅಂತ ಬರೀತೀನಿ. ರಕ್ತ ಕಳವಾದ್ರ ಯಾವ ಕಲಂ ಹಚ್ಚಲಿ ಬೇಟಿ?"

ಎದುರಿಗೆ ನಿಂತಿದ್ದ ಹುಡುಗಿ ನಗಲಿಲ್ಲ. ಹೆಸರು ತಬಸ್ಸುಮ್. ಕಮಲಾಪುರದ ಗಿರಣಿ ಓಣಿಯವಳು. ಕಲಬುರಗಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ, ಮನೆಮನೆಗೆ ಹೋಗಿ ಆರೋಗ್ಯದ ಪ್ರಶ್ನೆ ಕೇಳಿ ರಕ್ತದ ಮಾದರಿ ತೆಗೆಯುವುದು. ಅವಳ ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತ ನಿಂತವರು ಸರ್ವೆಯ ಮುಖ್ಯಸ್ಥರಾದ ಡಾಕ್ಟರ್ ಗುಫ್ರಾನ್. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮನೆಯಿಂದ ಬೆಳಿಗ್ಗೆ ಇಸ್ತ್ರಿ ಮಾಡಿಸಿಕೊಂಡು ಹಾಕಿಕೊಂಡು ಬಂದಿದ್ದ ಅಂಗಿ ಈಗ ಮುದುಡಿ ಹೋಗಿತ್ತು.

ಒಳಗಿನ ಕೋಣೆಯಿಂದ ಪಿಎಸ್ಐ ಗೌತಮಿ ಎದ್ದು ಬಂದಳು. ಠಾಣೆಯ ಜವಾಬ್ದಾರಿ ಅವಳ ಹೆಗಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಯಾವ ದೂರನ್ನೂ ಅರ್ಧ ಕೇಳಿ ಕಳಿಸುವ ಚಾಳಿ ಅವಳಿಗಿಲ್ಲ. ಅದರಿಂದ ಠಾಣೆಯವರಿಗೆ ಊಟದ ಹೊತ್ತು ತಪ್ಪುತ್ತದೆ ಎಂಬುದು ಮಜರನ ಖಾಯಂ ಗೊಣಗಾಟ.

"ಕೂಡ್ರಿ. ಮೊದಲಿಂದ ಹೇಳ್ರಿ," ಅಂದಳು.

ಡಾಕ್ಟರ್ ಹೇಳಿದರು. ಹೆಪಟೈಟಿಸ್ ಸಿ ಅಂತ ಒಂದು ರೋಗ. ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ದಾಟುತ್ತದೆ. ಯಕೃತ್ತಿನೊಳಗೆ ಇಪ್ಪತ್ತು ವರ್ಷ ಸದ್ದಿಲ್ಲದೆ ಕೂತಿರುತ್ತದೆ, ಎದ್ದಾಗ ಮನುಷ್ಯನನ್ನು ಮಲಗಿಸಿಬಿಡುತ್ತದೆ. ಈಗ ಕೆಲವೇ ತಿಂಗಳ ಗುಳಿಗೆಯಿಂದ ವಾಸಿಯಾಗುತ್ತದೆ. ಆದರೆ ಒಳಗಿದೆ ಅಂತ ಗೊತ್ತಾಗಬೇಕಲ್ಲ! ಯಾವ ಊರಿನಲ್ಲಿ ಎಷ್ಟು ಜನಕ್ಕಿದೆ, ಯಾವ ರೂಢಿಯಿಂದ ಬಂತು, ಸೂಜಿಯಿಂದಲೋ ಹಚ್ಚೆಯಿಂದಲೋ ಕ್ಷೌರದ ಬ್ಲೇಡಿನಿಂದಲೋ ಎಂದು ತಿಳಿಯುವುದೇ ಈ ಸರ್ವೆ. ಗಿರಣಿ ಓಣಿಯಲ್ಲಿ ಬೆಳಗಿನಿಂದ ರಕ್ತ ತೆಗೆದು, ಟ್ಯೂಬುಗಳನ್ನು ಐಸ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಗಾಡಿಯಲ್ಲಿಟ್ಟಿದ್ದರು. ಮಧ್ಯಾಹ್ನ ಒಂದಕ್ಕೆ ಹೋಗಿ ಎರಡರೊಳಗೆ ಊಟ ಮುಗಿಸಿ ಬರುವಷ್ಟರಲ್ಲಿ ಡಬ್ಬಿ ಇಲ್ಲ.

"ಮತ್ತೊಮ್ಮೆ ತೆಗೆದರಾಯ್ತಲ್ಲ ಡಾಕ್ಟರ್?"

ಡಾಕ್ಟರ್ ತಬಸ್ಸುಮಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು.

"ಕೊಡೂದಿಲ್ರಿ ಮೇಡಂ. ಮೊದಲೇ ಬ್ಯಾಡ ಅಂದಿದ್ರು. ನಮ್ಮ ಓಣಿ ಹುಡುಗಿ ಕೇಳಾಕತ್ಯಾಳ ಅಂತ ನನ್ನ ಮಾರಿ ನೋಡಿ ತೋಳು ಕೊಟ್ಟಾರ. ಈಗ ನಾನೇ ರಕ್ತ ಒಯ್ದು ಕಲಬುರಗ್ಯಾಗ ಮಾರೀನಿ ಅನ್ನಾಕತ್ಯಾರ."

"ಇಷ್ಟು ಲಗೂನ?"

"ಡಬ್ಬಿ ಇಲ್ಲಂತ ನಾನು ಹುಡಕಾಕತ್ತಿದ್ದೆ ರೀ. ಅಷ್ಟರಾಗ ಮಾತು ಓಣಿ ದಾಟಿತ್ತು."

ಗೌತಮಿ ವೃತ್ತ ನಿರೀಕ್ಷಕರಿಗೆ ಫೋನು ಮಾಡಿ ತಿಳಿಸಿದಳು. ಅತ್ತಲಿಂದ ನಗು ಕೇಳಿಸಿತು. "ಅಲ್ರೀ, ನಾಕು ರಕ್ತದ ಟ್ಯೂಬಿಗೆ ಎಫ್ಐಆರ್ ಅಂದ್ರ ಪೇಪರಿನವರು ನಮ್ಮನ್ನ ಆಡಿಕೊಳ್ಳೂದಿಲ್ಲೇನು? ಡಬ್ಬಿ ಹೋಗ್ಯಾದಂತ ಒಂದು ಸಾಲು ಬರಕೊಂಡು ಕಳಸ್ರಿ."

"ಸರ್, ಡಬ್ಬಿ ಅಷ್ಟೇ ಹೋಗಿದ್ರ ಬಿಡತಿದ್ದೆ," ಅಂದಳು ಗೌತಮಿ. "ಒಂದು ಓಣಿ ಆರೋಗ್ಯ ಅದರಾಗಿತ್ತು. ಒಬ್ಬ ಹುಡುಗಿ ಹೆಸರೂ ಹೋಗ್ಯಾದ."

ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಕಳವಿನ ಪ್ರಕರಣ ದಾಖಲಾಯಿತು. ಎಫ್ಐಆರಿನ ಪ್ರತಿ ಕೈಗೆ ಬಂದಾಗ ತಬಸ್ಸುಮ್ ಅದನ್ನು ಎರಡು ಮಡಿಕೆ ಮಾಡಿ ಬ್ಯಾಗಿನ ಒಳಜೇಬಿನಲ್ಲಿಟ್ಟುಕೊಂಡಳು.

ಸಂಜೆ ಐದಕ್ಕೆ ಗಿರಣಿ ಓಣಿಯಲ್ಲಿ ಸ್ಥಳ ಪಂಚನಾಮೆ. ಪಂಚರಾಗಿ ಇಬ್ಬರು ಅಂಗಡಿಯವರು. ಗಾಡಿ ನಿಂತದ್ದು ಭಾಗಮ್ಮ ಎಂಬಾಕೆಯ ಮನೆಯ ಹಿತ್ತಲ ಗೋಡೆಗೆ ಹತ್ತಿ. ಬಾಗಿಲು ಮುರಿದಿಲ್ಲ, ಗಾಜು ಒಡೆದಿಲ್ಲ. ಸೀಟಿನ ಮೇಲೆ ಪ್ರಶ್ನೆ ಕೇಳುವ ಟ್ಯಾಬು ಹಾಗೇ ಬಿದ್ದಿತ್ತು. ಡಾಕ್ಟರರ ಲ್ಯಾಪ್‌ಟಾಪ್ ಇತ್ತು, ಚಾಲಕನ ಹೊಸ ಮೊಬೈಲೂ ಇತ್ತು.

"ಎಂಥಾ ಕಳ್ಳ ಇವ?" ಮಜರ್ ಬೆರಗಾದ. "ಮೊಬೈಲ್ ಬಿಟ್ಟು ರಕ್ತ ಒಯ್ದಾನ! ತಿಗಣಿ ಜಾತಿಯವನೇ ಇರಬೇಕು ಮೇಡಂ."

ಚಾಲಕ ಪ್ರಬುದ್ಧ ಕೋಟನೂರಿನವನು. ಹೆದರಿ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಗಾಡಿಗೆ ಕೀಲಿ ಹಾಕಿದ್ದಿಯೇನು?"

"ಇಲ್ರಿ."

"ಯಾಕ?"

"ಭಾಗಮ್ಮಾಯಿ ರಟ್ಟಿ ಹಿಡದು ಎಳಕೊಂಡು ಹೋದ್ರು ರೀ. ರೊಟ್ಟಿ ಆರತಾವ ಬಾ ಬಾ ಅಂತ. ಊಟಕ್ಕ ಕರದವರ ಎದುರಿಗಿ ಗಾಡಿ ಕೀಲಿ ಹಾಕೋದಂದ್ರ ಅವರನ್ನೇ ಕಳ್ಳರು ಅಂದಂಗ ಆಗತದಲ್ಲರೀ."

ಗೌತಮಿಗೆ ಬೈಯಬೇಕೆನಿಸಿತು, ಬೈಯಲಾಗಲಿಲ್ಲ. ಈ ಸೀಮೆಯಲ್ಲಿ ಹುಟ್ಟಿದ ಅವಳಾಗಿದ್ದರೂ ಅದನ್ನೇ ಮಾಡುತ್ತಿದ್ದಳು. ಭಾಗಮ್ಮನನ್ನು ಕೇಳಿದಳು. ಐವತ್ತರ ಹೆಂಗಸು, ಗಂಡ ತೀರಿ ನಾಲ್ಕು ವರ್ಷ. ಮನೆಗೆ ಬಂದವರು ಉಣ್ಣದೆ ಹೋದರೆ ಅವತ್ತಿಡೀ ಅವಳಿಗೆ ಸಮಾಧಾನವಿಲ್ಲ.

"ಯಾರ್‍ಯಾರು ಉಂಡ್ರು?"

"ಡಾಕ್ಟರ ಸಾಹೇಬ್ರು, ತಬಸ್ಸುಮ್ಮ, ಈ ಹುಡುಗ, ಎದುರುಮನಿ ಕಾಕಾ, ನಾನು. ಶೇಂಗಾ ಹಿಂಡಿ, ಪುಂಡಿಪಲ್ಯ ಮಾಡಿದ್ದೆ ರೀ. ನೀವೂ ಒಂದು ರೊಟ್ಟಿ ತಿಂದೇ ಹೋಗ್ರಿ."

"ಪಂಚನಾಮೆ ಮುಗೀಲಿ ಆಯಿ."

ಮಂಗಳವಾರ ಓಣಿಯ ಮಾತು ಇನ್ನೂ ಬಲಿಯಿತು. ತಬಸ್ಸುಮಳ ತಾಯಿ ನೂರಜಹಾನ್ ಬಟ್ಟೆ ಹೊಲಿದು ಮನೆ ನಡೆಸುವವಳು. ಹೊಲಿಯಲು ಕೊಟ್ಟಿದ್ದ ಕುಪ್ಪಸದ ಬಟ್ಟೆಗಳನ್ನು ಹೆಂಗಸರು ಒಬ್ಬೊಬ್ಬರಾಗಿ ಬಂದು, ಹೊಲಿಗೆ ಬೀಳದವನ್ನು ಹಾಗೇ ಕೇಳಿ ಒಯ್ದರು. ಯಾರೂ ಜಗಳವಾಡಲಿಲ್ಲ. "ಈಗ ಅವಸರ ಇಲ್ಲಬೇ" ಅಂದರು, ಅಷ್ಟೆ. ಗೌತಮಿ ಹೋದಾಗ ನೂರಜಹಾನ್ ಮಿಷನ್ನಿಗೆ ಬಟ್ಟೆ ಮುಚ್ಚಿ, ಅದರ ಮುಂದೆಯೇ ಸುಮ್ಮನೆ ಕೂತಿದ್ದಳು. ಬೈಗುಳವಾದರೆ ತಿರುಗಿ ಬೈಯಬಹುದು, ಇದಕ್ಕೇನು ಮಾಡುವುದು!

ಸಿಟ್ಟಿನ ಬಿಸಿಯಲ್ಲೇ ಗೌತಮಿ ಸೊಹೇಲನ ಕ್ಷೌರದ ಅಂಗಡಿಗೆ ನಡೆದಳು. ಸರ್ವೆಯವರು ಬ್ಲೇಡಿನ ಪ್ರಶ್ನೆ ಕೇಳಿದ್ದಕ್ಕೆ ಸೊಹೇಲ್ ಶನಿವಾರ ನಡುಬೀದಿಯಲ್ಲಿ ಕೂಗಾಡಿದ್ದ ಎಂಬ ಸುದ್ದಿ ಮಜರನೇ ತಂದಿದ್ದ.

"ಸರ್ವೆಯವರ ಮ್ಯಾಲ ಸಿಟ್ಟಿತ್ತೇನು?"

"ಇತ್ರಿ. ನನ್ನ ಅಂಗಡಿಯಿಂದ ರೋಗ ಬರತದಂದ್ರ ಸಿಟ್ಟು ಬರೂದಿಲ್ಲೇನ್ರಿ? ಗಿರಾಕಿಗೊಂದು ಹೊಸ ಬ್ಲೇಡು ಹಾಕ್ತೀನಿ, ನೋಡ್ರಿ ಬೇಕಾದ್ರ."

"ನಿನ್ನೆ ಮಧ್ಯಾಹ್ನ ಒಂದೂವರೆಗೆ ಎಲ್ಲಿದ್ದಿ?"

"ಅಂಗಡ್ಯಾಗ. ದಾಡಿ ಮಾಡಾಕತ್ತಿದ್ದೆ."

"ಯಾರದು?"

ಸೊಹೇಲ್ ಕೈಯಲ್ಲಿದ್ದ ಬಾಚಣಿಗೆಯಿಂದ ಮಜರನ ಕಡೆ ತೋರಿಸಿದ. ಮಜರ್ ನುಣ್ಣಗಿದ್ದ ತನ್ನ ಗದ್ದ ಮುಟ್ಟಿಕೊಂಡು ಹಲ್ಲು ಕಿರಿದ.

"ಹೌದು ಮೇಡಂ. ಒಂದರಿಂದ ಎರಡರ ತನಕ ನಾನೇ ಇದ್ದೆ. ತಲಿ ಮಾಲೀಷೂ ಮಾಡಿಸಿದ್ದೆ."

"ಡ್ಯೂಟಿ ಹೊತ್ತಿನಾಗ?"

"ಮುಖ ಸ್ವಚ್ಛ ಇದ್ರ ಠಾಣೆಗೆ ಶೋಭಾ ಅಲ್ರೀ ಮೇಡಂ!"

ಗೌತಮಿ ನಕ್ಕುಬಿಟ್ಟಳು. ಸಾಕ್ಷಿ ಪಕ್ಕದಲ್ಲೇ ಇಟ್ಟುಕೊಂಡು ಆರೋಪಿಯನ್ನು ಹುಡುಕಲು ಬಂದಿದ್ದಳು! ಸೊಹೇಲನ ಹೆಸರು ಹೊಡೆದು ಹಾಕಿ ಹೊರಬಂದಳು.

ಬುಧವಾರ ಬೆಳಿಗ್ಗೆ ಊರ ಹೊರಗಿನ ಆರೋಗ್ಯ ಉಪಕೇಂದ್ರದ ನರ್ಸಮ್ಮ ಫೋನು ಮಾಡಿದಳು. ಕೇಂದ್ರದ ಹಿಂದಿನ ಕಟ್ಟೆಯ ಮೇಲೆ ಯಾರದೋ ಐಸ್ ಡಬ್ಬಿ ಬಂದು ಕೂತಿದೆಯಂತೆ.

ಗೌತಮಿ ಡಬ್ಬಿಯನ್ನು ಮುಟ್ಟುವ ಮೊದಲು ಬಹಳ ಹೊತ್ತು ನೋಡಿದಳು. ಅದು ಬಿಸಾಡಿದ ಡಬ್ಬಿಯಲ್ಲ. ಒಳಗೆ ಹೊರಗೆ ಸೋಪಿನಿಂದ ತೊಳೆದು, ನೀರು ಇಳಿಯಲೆಂದು ಬೋರಲಿಟ್ಟಿದ್ದರು. ಮುಚ್ಚಳ ಬೇರೆ ತೆಗೆದು ಗೋಡೆಗೆ ಒರಗಿಸಿದ್ದರು. ಐಸ್ ತುಂಬುವ ಪಾಕೀಟುಗಳನ್ನು ಒರೆಸಿ, ಒಂದರ ಪಕ್ಕ ಒಂದು ಸಾಲಾಗಿ ನಿಲ್ಲಿಸಿದ್ದರು. ಹತ್ತಿರ ಮೂಗು ಒಯ್ದರೆ ಬ್ಲೀಚಿಂಗ್ ಪೌಡರಿನ ಘಾಟು.

"ಬೆರಳಚ್ಚು ಸಿಗಬಾರದಂತ ತೊಳದಾನ," ಅಂದ ಮಜರ್.

"ಅಷ್ಟೇ ಆಗಿದ್ರ ಬಾವ್ಯಾಗ ಒಗಿತಿದ್ದ. ಇವ ಡಬ್ಬಿ ಹಾಳಾಗಬಾರದಂತ ತೊಳದಾನ. ಮತ್ತೆ ಯಾರಿಗರ ಉಪಯೋಗಕ್ಕ ಬರಲಿ ಅಂತ ತಂದಿಟ್ಟಾನ."

"ಕಳ್ಳಗ ಇಷ್ಟು ಕಾಳಜಿ ಎಲ್ಲಿದ್ರಿ ಮೇಡಂ?"

"ಕಾಳಜಿ ಅಲ್ಲ ಮಜರ್. ರೂಢಿ. ತೊಳೀದೆ ಇಡಾಕ ಆ ಕೈಗೆ ಬರೂದಿಲ್ಲ."

ಡಬ್ಬಿ ಇಲ್ಲಿದ್ದರೆ ಟ್ಯೂಬುಗಳೂ ದೂರ ಹೋಗಿರಲಾರವು. ಗುರುವಾರ ಇಬ್ಬರು ಕಾನ್‌ಸ್ಟೆಬಲ್‌ಗಳು ಉಪಕೇಂದ್ರದ ಸುತ್ತಲಿನ ಹೊಲ ತೋಟ ಜಾಲಾಡಿದರು. ಕೆಂಪು ಬಾಳೆಯ ತೋಟವೊಂದರ ಅಂಚಿಗೆ, ಬಾವಿಯಿಂದ ದೂರದ ದಿಬ್ಬದ ಮೇಲೆ, ಹೊಸದಾಗಿ ಅಗೆದು ಮುಚ್ಚಿದ ಮಣ್ಣು ಕಂಡಿತು. ಮೇಲೆ ದೊಡ್ಡ ಕಲ್ಲುಗಳನ್ನು ಹೇರಿದ್ದರು. ಪಂಚರ ಸಮಕ್ಷಮ ಅಗೆಸಿದರು. ತೊಡೆಮಟ್ಟದ ಆಳದ ಗುಂಡಿ. ತಳದಲ್ಲಿ ಟ್ಯೂಬುಗಳು, ಬಿರಡೆ ಹಾಕಿದ್ದು ಹಾಕಿದಂತೆಯೇ. ಅವುಗಳ ಮೇಲೆ ಬೆಳ್ಳಗೆ ಬ್ಲೀಚಿಂಗ್ ಪೌಡರು, ಅದರ ಮೇಲೆ ಮಣ್ಣು, ನಾಯಿ ಕೆದರದಂತೆ ಕಲ್ಲು.

ಕಲಬುರಗಿಯಿಂದ ಓಡಿ ಬಂದ ಡಾಕ್ಟರ್ ಗುಫ್ರಾನ್ ಗುಂಡಿಯೊಳಗೆ ಬಗ್ಗಿ ನೋಡಿದರು. ಮಾದರಿಗಳು ಕೆಟ್ಟಿದ್ದವು, ಪರೀಕ್ಷೆಗೆ ಬರುವಂತಿರಲಿಲ್ಲ. ಆದರೆ ಅವರ ಮುಖದಲ್ಲಿ ದುಃಖಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

"ಮೇಡಂ, ಇದು ದವಾಖಾನಿ ಗುಂಡಿ."

"ಅಂದ್ರ?"

"ದವಾಖಾನಿ ಹೊಲಸನ್ನ ಹಿಂದಕ ಹಿಂಗೇ ಹುಗೀತಿದ್ರು. ನೀರಿನ ಕಡೆಯಿಂದ ದೂರ, ಎತ್ತರದ ಜಾಗ, ಪೌಡರ್, ಮಣ್ಣು. ಒಂದೂ ತಪ್ಪಿಲ್ಲ."

"ಈಗ ಹಿಂಗ ಮಾಡೂದಿಲ್ಲೇನು?"

"ಈಗ ಬಣ್ಣಬಣ್ಣದ ಚೀಲಕ್ಕ ಹಾಕಿ ಗಾಡಿಗಿ ಕೊಡ್ತೀವಿ. ನಾನು ಓದಾಕ ಸೇರೋದ್ರಾಗೇ ಈ ಪದ್ಧತಿ ನಿಲ್ಲಿಸಾಕತ್ತಿದ್ರು. ಇದು ಹಳೇ ಮನುಷ್ಯಾನ ಕೆಲಸ."

ಗೌತಮಿ ಮಜರನ ಮುಖ ನೋಡಿದಳು. ವಯಸ್ಸಾದವರು, ದವಾಖಾನೆಯಲ್ಲಿ ದುಡಿದವರು, ಕಳವು ಮಾಡಿದರೂ ಒಬ್ಬರ ಬಾವಿಗೆ ರೋಗ ಇಳಿಯಬಾರದೆಂದು ದಿಬ್ಬ ಹತ್ತಿ ಹೋದವರು. ಅಂಥವರಿಗೆ ಈ ರಕ್ತದ ಮೇಲೆ ಏನು ಹಗೆ?

ಅದೇ ಮಧ್ಯಾಹ್ನ ತಬಸ್ಸುಮಳನ್ನು ಠಾಣೆಗೆ ಕರೆಸಿದಳು. ಬಾಗಿಲು ಮುಚ್ಚಿ ಚಹಾ ತರಿಸಿದಳು.

"ಸರ್ವೆಯಾಗ ಸೂಜಿ ಯಾರ ಕಡೆ ಮಾಡಿಸಿಕೊಂಡ್ರಿ ಅಂತ ಕೇಳತೀರಿ ಹೌದಲ್ಲ? ನಿಮ್ಮ ಓಣಿಯವರು ಯಾರ ಹೆಸರು ಹೇಳಿದ್ರು?"

ತಬಸ್ಸುಮ್ ಕಪ್ಪು ಕೆಳಗಿಟ್ಟಳು.

"ಅದೊಂದು ಕೇಳಬ್ಯಾಡ್ರಿ ಮೇಡಂ."

"ಯಾಕ?"

"ನೀವು ಹೇಳಿದ್ದು ಹೊರಗ ಹೋಗೂದಿಲ್ಲಂತ ಪ್ರತಿ ಮನಿಯಾಗೂ ಮಾತು ಕೊಟ್ಟೀನಿ."

"ಕೇಸ್ ನಿನ್ನದೇ ಅದ. ನೀನು ಒಂದು ಹೆಸರು ಹೇಳಿದ್ರ ಸಂಜಿಗೇ ಮುಗೀತದ."

"ಗೊತ್ತದ್ರಿ."

"ನಿಮ್ಮವ್ವನ ಮಿಷನ್ ನಿಂತದ. ನೀನು ಕಳ್ಳಿ ಅಂತ ಓಣಿ ಅನ್ನಾಕತ್ಯಾದ. ಅದೂ ಗೊತ್ತದೇನು?"

ಹುಡುಗಿಯ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಿತ್ತು. "ಕೋರ್ಟು ಕೇಳಿದ್ರ ಡಾಕ್ಟರ್ ಸಾಹೇಬ್ರು ಉತ್ತರ ಕೊಡ್ತಾರ. ನಾನು ಹೇಳೂದಿಲ್ರಿ. ಇವತ್ತು ನನ್ನ ಹೆಸರು ಉಳಸಾಕ ಬಾಯಿ ಬಿಟ್ರ, ನಾಳೆ ಮಂದಿ ಅಂದದ್ದು ಖರೇ ಆಗತದ. ಆವಾಗ ನಾನು ಖರೇನೇ ಅವರನ್ನ ಮಾರಿದಂಗ."

ಗೌತಮಿಗೆ ಒಂದು ಕ್ಷಣ ಪೊಲೀಸು ಸಿಟ್ಟು ನೆತ್ತಿಗೇರಿತು. ಮರುಕ್ಷಣವೇ ಎದೆ ತುಂಬಿ ಬಂತು. ಭಲೇ ಹುಡುಗಿ! ತನ್ನ ಜಿಲ್ಲೆಯ, ತನ್ನ ಠಾಣೆಯ ಸರಹದ್ದಿನ ಹುಡುಗಿ ಇವಳು ಎಂದು ಹೆಮ್ಮೆಯಾಯಿತು. ಖಾಕಿ ಹಾಕಿದ ದಿನದಿಂದ ಎಷ್ಟೋ ಮಂದಿಯನ್ನು ಬಾಯಿ ಬಿಡಿಸಿದ್ದಳು. ಬಾಯಿ ಬಿಡದವಳನ್ನು ಕಂಡು ಸಂತೋಷಪಟ್ಟದ್ದು ಇದೇ ಮೊದಲು.

"ಚಹಾ ಕುಡಿ, ಆರತದ," ಅಂದಳು. "ಇನ್ನ ಕೇಳೂದಿಲ್ಲ."

ಕೇಳುವ ಅಗತ್ಯವೂ ಇರಲಿಲ್ಲ. ಭಾಗಮ್ಮ ಯಾರಿಗೂ ಮಾತು ಕೊಟ್ಟಿರಲಿಲ್ಲ. ಸಂಜೆ ಅವಳ ಪಡಸಾಲೆಯಲ್ಲಿ ಕೂತು, ತಟ್ಟೆಗೆ ಬಿದ್ದ ರೊಟ್ಟಿ ಮುರಿಯುತ್ತ ಗೌತಮಿ ಕೇಳಿದಳು.

"ಆಯಿ, ನಿಮಗ ಜ್ವರ ಬಂದ್ರ ಸೂಜಿ ಯಾರು ಮಾಡ್ತಾರ?"

"ಇನ್ಯಾರ್ರಿ? ಎದುರುಮನಿ ಮಹಾದೇವಪ್ಪ ಕಾಕಾ. ಬ್ಯಾರೆ ಬ್ಯಾರೆ ಊರಿನ ದವಾಖಾನ್ಯಾಗ ಕಂಪೌಂಡರ್ ಇದ್ರು, ಈಗ ರಿಟೈರ್ ಆಗ್ಯಾರ, ಮನಿ ಮಾತ್ರ ಮೂವತ್ತು ವರ್ಷದಿಂದ ಇಲ್ಲೇ. ಡಾಕ್ಟರು ಗುಳಿಗಿ ಕೊಟ್ರ ನಮಗ ಸಮಾಧಾನ ಆಗೂದಿಲ್ಲ. ಕಾಕಾನ ಕಡೆ ಹೋಗಿ, ಒಂದು ಸೂಜಿ ಮಾಡ್ರಿ ಅಂತಿದ್ವಿ. ಏನು ಕೈಗುಣ ಅಂತೀರಿ ಅವರದು! ಮುಟ್ಟಿದ್ರ ಜ್ವರ ಇಳೀತಿತ್ತು. ಈಗ ಐದಾರು ವರ್ಷ ಆತು, ಮಾಡೂದಿಲ್ಲ ಅಂತಾರ."

"ಸೋಮವಾರ ಇಲ್ಲಿ ಉಂಡವರು ಅವರೇ ಏನು?"

"ಎಲ್ಲಿ ಉಂಡ್ರು! ಅರ್ಧ ರೊಟ್ಟಿ ಬಿಟ್ಟು ಎದ್ರು. ಹೊಟ್ಟಿ ಸರಿ ಇಲ್ಲ ಅಂದು ಹಿತ್ತಲ ಬಾಗಿಲದಿಂದ ಹ್ವಾದ್ರು. ಒಂದು ಅಗುಳ ಬಿಡೂ ಮನುಷ್ಯಾ ಅಲ್ಲ ರೀ ಅವರು."

ಗೌತಮಿ ಓಣಿಯ ಆಚೆಗೆ ನೋಡಿದಳು. ಮಹಾದೇವಪ್ಪನವರ ಮನೆ ಮುಂಬಾಗಿಲಿನ ನೇರಕ್ಕೇ ಇತ್ತು. ಮನೆಗೆ ಹೋಗುವವರಿಗೆ ಹಿತ್ತಲ ಬಾಗಿಲು ಯಾಕೆ ಬೇಕು? ಹಿತ್ತಲ ಗೋಡೆಗೆ ಹತ್ತಿ ನಿಂತದ್ದು ಗಾಡಿ ಒಂದೇ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಗೌತಮಿ ಮತ್ತು ಮಜರ್ ಆ ಮನೆಯ ಕದ ತಟ್ಟಿದರು. ಎಪ್ಪತ್ತು ದಾಟಿದ ತೆಳ್ಳನೆ ಮನುಷ್ಯ, ಬಿಳಿ ಅಂಗಿ, ಒಂದು ಕಲೆಯಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಗಳು ಸೇಡಂನಲ್ಲಿ. ಮನೆ ಒಪ್ಪವಾಗಿತ್ತು.

"ಸೋಮವಾರ ಊಟ ಬಿಟ್ಟು ಎದ್ರಂತ."

"ಹೊಟ್ಟಿ ಸರಿ ಇರಲಿಲ್ಲ."

"ಎಲ್ಲಿಗಿ ಹೋದ್ರಿ?"

"ಮನಿಗಿ."

"ಹಿತ್ತಲ ಬಾಗಿಲದಿಂದ?"

"ಚಹಾ ಮಾಡ್ತೀನಿ," ಎಂದು ಮಹಾದೇವಪ್ಪ ಎದ್ದರು. ನೀರು ಕಾಯಿಸಿದರು. ಕಪ್ಪುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಮಡಿಸಿದ ಬಿಳಿ ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಬೋರಲಿಟ್ಟರು. ನೀರು ಪೂರ್ತಿ ಇಳಿಯುವವರೆಗೆ ಮುಟ್ಟಲಿಲ್ಲ. ಮಜರ್ ಗೌತಮಿಯ ಮುಖ ನೋಡಿದ.

"ಡಬ್ಬಿನೂ ಹಿಂಗೇ ಇಟ್ಟಿದ್ರಿ ಕಾಕಾ," ಅಂದಳು ಗೌತಮಿ ಮೆಲ್ಲಗೆ.

ಮುದುಕನ ಕೈ ಒಲೆಯ ಮೇಲೆ ನಿಂತಿತು. ತಿರುಗಿ ನೋಡದೆಯೇ ಕೇಳಿದರು: "ತಬಸ್ಸುಮ್ ಹೇಳಿದ್ಲೇನು?"

"ಇಲ್ಲ."

"ಸುಳ್ಳು. ಮನಿಮನಿಗಿ ಹೋಗಿ ನನ್ನ ಹೆಸರು ಕೇಳಿ ಟ್ಯಾಬಿನಾಗ ಹಾಕ್ಕೊಂಡಾಳ."

"ನಾನು ಕೇಳಿದೆ. ಎರಡು ಸಲ ಕೇಳಿದೆ. ತನ್ನ ಹೆಸರು ಹಾಳಾದ್ರೂ ಚಿಂತಿ ಇಲ್ಲ, ಓಣಿಗಿ ಕೊಟ್ಟ ಮಾತು ಮುರಿಯೂದಿಲ್ಲ ಅಂದ್ಲು. ನಿಮ್ಮ ಹೆಸರು ಆಕಿ ಬಾಯಾಗ ಬಂದಿಲ್ಲ. ಆಕಿಗೆ ಓಣಿ ಕಳ್ಳಿ ಅಂತದ. ಅದನ್ನ ನೀವೂ ಕಿವಿಯಾರೆ ಕೇಳೀರಿ."

ಮಹಾದೇವಪ್ಪ ಒಲೆ ಆರಿಸಿದರು. ನೆಲದ ಮೇಲೆ ಕುಸಿದು ಕೂತರು. ಅವರ ಅಳು ಸದ್ದಿಲ್ಲದ್ದು. ಮಜರ್ ಎದ್ದು ಒಂದು ತಂಬಿಗೆ ನೀರು ತಂದು ಮುಂದಿಟ್ಟ.

"ನಾನೇ ಒಯ್ದೆ," ಅಂದರು. "ಗೋಣಿಚೀಲದಾಗ ಹಾಕಿ ಒಯ್ದೆ. ಡಾಕ್ಟರು ಊಟಕ್ಕ ಕೂತಾಗ ಹೇಳಾಕತ್ತಿದ್ರು. ಸೂಜಿಯಿಂದ ಹೋಗತದ, ಇಪ್ಪತ್ತು ವರ್ಷ ಸುಮ್ಮನಿರತದ ಅಂತ. ರೊಟ್ಟಿ ಗಂಟಲದಾಗ ಇಳೀಲಿಲ್ಲ."

"ನೀವು ಸೂಜಿ ಕುದಸತಿದ್ದಿಲ್ಲೇನು?"

"ಕುದಸತಿದ್ದೆ! ದಿನಾ ಕುದಸತಿದ್ದೆ. ಆದರ ಇಪ್ಪತ್ತೈದು ವರ್ಷದ ಹಿಂದ ಒಂದು ಸಲ ಜ್ವರ ಬಂತು ನೋಡವ್ವ, ಓಣಿಗಿ ಓಣಿನೇ ಮಲಗಿತ್ತು. ಈ ಬಾಗಿಲದಿಂದ ಆ ಗಿರಣಿ ತನಕ ಮಂದಿ ನಿಂತಿದ್ರು. ಸೂಜಿ ಕುದಿಯೂ ತನಕ ನಿಂದ್ರೂ ತ್ರಾಣ ಯಾರಿಗಿತ್ತು? ಸ್ಪಿರಿಟಿನಾಗ ಒರಸಿ, ಮುಂದಿನವರಿಗಿ ಮಾಡಿದೆ. ಎಲ್ಲಾರಿಗೂ ಆರಾಮಾತು. ಕಾಕಾನ ಕೈಗುಣ ಅಂದ್ರು." ಅವರು ತಮ್ಮ ಅಂಗೈ ನೋಡಿಕೊಂಡರು. "ಭಾಗಮ್ಮನ ಗಂಡ ಒಂದು ಹನಿ ಕುಡಿದವನಲ್ಲ. ಹೊಟ್ಟ್ಯಾಗ ನೀರು ತುಂಬಿ ಸತ್ತ. ಡಾಕ್ಟರ ಮಾತು ಕೇಳಿದ ಮ್ಯಾಲ ಅವನ ಮಾರಿ ಕಣ್ಣ ಮುಂದ ಬಂತು. ಆ ರಕ್ತದಾಗ ನನ್ನ ಕೈ ಕಾಣತದ ಅಂತ ಅನಿಸ್ತು."

ಅವರ ಹೇಳಿಕೆಯ ಮೇರೆಗೆ ಹಿತ್ತಲಿನಿಂದ ಸಲಿಕೆ, ಗೋಣಿಚೀಲ, ಅರ್ಧ ಖಾಲಿಯಾದ ಪೌಡರಿನ ಡಬ್ಬಿ ಜಪ್ತಿಯಾದವು. ಪಂಚನಾಮೆ ಬರೆದಾಯಿತು. ವಯಸ್ಸಾದ ಆರೋಪಿಯೆಂದು ಗೌತಮಿ ಡಿವೈಎಸ್‌ಪಿಯವರಿಗೆ ಫೋನು ಮಾಡಿ ಅನುಮತಿ ಪಡೆದಳು. ಜೀಪನ್ನು ಹಿಂದಿನ ಸಂದಿಗೆ ತರಲು ಹೇಳಿದಳು. ಓಣಿಯ ಕಣ್ಣಿಗೆ ಬೀಳದಂತೆ ಕರೆದೊಯ್ದರೆ ಸಾಕು ಎಂದು ಅವಳ ಮನಸ್ಸು.

"ಬ್ಯಾಡ," ಅಂದರು ಮಹಾದೇವಪ್ಪ. "ಹಿತ್ತಲ ಬಾಗಿಲ ಒಂದು ಸಲ ಸಾಕು. ಮುಂದಿನ ಬಾಗಿಲದಿಂದ ಒಯ್ರಿ."

ಓಣಿ ಆಗಲೇ ಕೂಡಿತ್ತು. ಡಾಕ್ಟರ್ ಗುಫ್ರಾನ್ ಸರ್ವೆಯ ಗಾಡಿಯೊಂದಿಗೆ ಬಂದಿದ್ದರು, ತಬಸ್ಸುಮ್ ತಾಯಿಯ ಪಕ್ಕ ಗೋಡೆಗೆ ಸರಿದು ನಿಂತಿದ್ದಳು. ಮಹಾದೇವಪ್ಪ ಕಟ್ಟೆಯ ಮೇಲೆ ನಿಂತರು.

"ಈ ಹುಡುಗಿ ರಕ್ತ ಮಾರಿಲ್ಲ. ನಾನು ಕದ್ದು ಹುಗದೀನಿ. ಹೊಲಸ ಸೂಜಿ ಮಾಡಿದವ ನಾನು, ಅದು ತಿಳೀತದಂತ ಅಂಜಿ ಕದ್ದೆ. ಆಕಿ ನನ್ನ ಹೆಸರು ಪೊಲೀಸರಿಗೂ ಹೇಳಿಲ್ಲ. ಇಡೀ ಓಣ್ಯಾಗ ಮಾತಿಗಿ ನಿಂತವಳು ಆಕಿ ಒಬ್ಬಾಕಿನೇ."

ಭಾಗಮ್ಮ ಮುಂದೆ ಬಂದಳು.

"ಕಾಕಾ, ನಮ್ಮ ಮನಿಯವರು... ಅದರಿಂದೇನು?"

"ಗೊತ್ತಿಲ್ಲ ತಂಗಿ. ಆಣೆ ಮಾಡಿ ಹೇಳ್ತೀನಿ, ಗೊತ್ತಿಲ್ಲ. ನಿನಗರ ಆ ರೋಗ ಅದ ಏನು ಅಂತ ಗೊತ್ತಾಗಬೇಕಾದ್ರ ಆಕಿಗಿ ತೋಳು ಕೊಡು. ಗುಳಿಗಿ ಅದಾವಂತ."

ಬಂಧನ ಪತ್ರಕ್ಕೆ ಊರಿನ ಒಬ್ಬರ ಸಾಕ್ಷಿ ರುಜು ಬೇಕು. ಮಜರ್ ಕಾಗದ ಹಿಡಿದು ಸುತ್ತ ನೋಡಿದ. ಯಾರೂ ಮುಂದೆ ಬರಲಿಲ್ಲ, ಕೆಲವರು ಮುಖ ತಿರುವಿದರು. ಭಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಾ ಇಲ್ಲಿ," ಅಂದಳು. "ಸಿಟ್ಟು ನಂದು ನನ್ನ ಹತ್ರ ಇರಲಿ. ಅವರು ನಮ್ಮ ಓಣಿ ಮನುಷ್ಯಾ. ದಿಕ್ಕಿಲ್ಲದವರಂಗ ಒಯ್ಯಬ್ಯಾಡ್ರಿ." ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.

ಜೀಪು ಹತ್ತುವ ಮೊದಲು ಮಹಾದೇವಪ್ಪ ಗೌತಮಿಯ ಕಡೆ ತಿರುಗಿದರು. "ಒಂದು ಕೇಳ್ತೀನಿ. ಮೊದಲ ತೋಳು ನಂದಾಗಲಿ."

ತಾನೇ ಒಪ್ಪಿ ತೋಳು ಚಾಚಿದ ಮನುಷ್ಯನನ್ನು ತಡೆಯುವ ನಿಯಮ ಯಾವುದೂ ಗೌತಮಿಗೆ ನೆನಪಾಗಲಿಲ್ಲ. ನೆನಪಿಸಿಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ. ಡಾಕ್ಟರ್ ತಲೆಯಾಡಿಸಿದರು. ಮಹಾದೇವಪ್ಪ ಕಟ್ಟೆಯ ಮೇಲೆ ಕೂತು ಬಿಳಿ ಅಂಗಿಯ ತೋಳು ಮಡಿಚಿದರು.

ತಬಸ್ಸುಮ್ ಕೈಗವಸು ಹಾಕಿಕೊಂಡು ಬಂದಳು. ಸೂಜಿಯ ಪಾಕೀಟನ್ನು ಅವರ ಕಣ್ಣೆದುರು ಹಿಡಿದಳು, ಓಣಿಗೂ ಕಾಣುವಂತೆ ಎತ್ತಿದಳು, ಆಮೇಲೆ ಹರಿದಳು. ಪಟ್ಟಿ ಕಟ್ಟಿ, ಒಂದೇ ಸಲಕ್ಕೆ ನರ ಹಿಡಿದಳು. ಟ್ಯೂಬು ತುಂಬಿತು. ಬಳಿಕ ಸೂಜಿಯನ್ನು ಕತ್ತರಿಸುವ ಡಬ್ಬಿಗೆ ಹಾಕಿ ಒತ್ತಿದಳು. ಕಟಕ್ ಅಂತ ಸೂಜಿ ಮುರಿಯಿತು. ಒಬ್ಬರಿಗೆ ಒಮ್ಮೆ ಚುಚ್ಚಿದ ಸೂಜಿ ಅಲ್ಲಿಗೇ ಮುಗಿಯುವುದನ್ನು ಮುದುಕ ರೆಪ್ಪೆ ಬಡಿಯದೆ ನೋಡಿದರು.

"ಇಷ್ಟೇ ಏನವ್ವ?"

"ಇಷ್ಟೇ ರೀ ಕಾಕಾ."

ಜೀಪು ತಿರುವಿನಲ್ಲಿ ಮರೆಯಾಗುವ ಮೊದಲು ಗೌತಮಿ ಹಿಂದೆ ತಿರುಗಿ ನೋಡಿದಳು. ಭಾಗಮ್ಮ ಕುಪ್ಪಸದ ತೋಳು ಮೇಲೆ ಸರಿಸಿ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಹಿಂದೆ ಗಿರಣಿ ಓಣಿ ಸಾಲಾಗಿ ನಿಂತಿತ್ತು. "ಎಫ್ಐಆರ್ ಮಾಡಿದ್ದು ಚಲೋ ಆತು ಮೇಡಂ," ಅಂದ ಮಜರ್. ಅವನ ಬಾಯಿಂದ ಹೊಗಳಿಕೆ ಬರುವುದು ಅಪರೂಪ, ಗೌತಮಿ ಅದನ್ನು ಹಾಗೇ ಇಟ್ಟುಕೊಂಡಳು.

ದೋಷಾರೋಪ ಪಟ್ಟಿಯಲ್ಲಿ ಕಳವಿನ ಉದ್ದೇಶ ಬರೆಯುವಾಗ ಅವಳು ಬಹಳ ಯೋಚಿಸಿದಳು. ಲಾಭವಿಲ್ಲ, ದ್ವೇಷವಿಲ್ಲ. ಒಂದು ಓಣಿಯೆಲ್ಲ ಹೊಗಳಿದ ಕೈ ಅದು, ಆ ಹೊಗಳಿಕೆ ಬಿಟ್ಟರೆ ಮುದುಕನ ಹತ್ತಿರ ಬೇರೆ ಆಸ್ತಿ ಇರಲಿಲ್ಲ. "ತನ್ನ ಹೆಸರಿಗೆ ಕುಂದು ಬರುವ ಭಯದಿಂದ" ಎಂದು ಬರೆದು ಮುಗಿಸಿದಳು.

ಜಾಮೀನಿನ ಮೇಲಿದ್ದ ಮಹಾದೇವಪ್ಪ ಮುಂದಿನ ಬೇಸಿಗೆಯಲ್ಲಿ ಕಲಬುರಗಿಯ ನ್ಯಾಯಾಲಯದ ಆವರಣದಲ್ಲಿ ಸಿಕ್ಕರು. ಇನ್ನೂ ತೆಳ್ಳಗಾಗಿದ್ದರು. ಬೇವಿನ ಮರದ ನೆರಳಿನಲ್ಲಿ ನಿಂತು, ಗೌತಮಿ ಕೇಳದೆಯೇ ಹೇಳಿದರು.

"ನನಗೂ ಅದ ಅಂತವ್ವ ಆ ರೋಗ. ಎಷ್ಟು ಸಲ ಬೆರಳಿಗಿ ಚುಚ್ಚಿಕೊಂಡೀನೋ ಏನೋ. ಭಾಗಮ್ಮಗೂ ಅದಂತ, ಆಕಿನೇ ಬಂದು ಹೇಳಿದ್ಲು. ಇಬ್ಬರೂ ಗುಳಿಗಿ ನುಂಗಾಕತ್ತೀವಿ."

"ಆರಾಮ ಆಗತದಂತಾರ ಡಾಕ್ಟರು?"

"ಆಗತದಂತ. ತಬಸ್ಸುಮ್ ದಿನಾ ಬಂದು, ಮುಂದ ನಿಂತು ನುಂಗಸತಾಳ." ಅವರು ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡು, ಜುಬ್ಬದ ಜೇಬಿಗೆ ಇಳಿಬಿಟ್ಟರು. "ಆ ಹುಡುಗಿ ಕೈಗುಣ ಬಾಳ ಚಲೋ ಅದವ್ವ."